ಹೊನ್ನಾವರದಿಂದ ಕಾರವಾರಕ್ಕೆ ತೆರೆದ ಜೀಪು: ಬಿಸಿಲನ್ನು ಎಡಕ್ಕೆ ತಳ್ಳಿದ ಬಗೆ

ನನ್ನ ಬಲಗೆನ್ನೆಯ ಮೇಲೆ ಬಂಗು ಎದ್ದು ನಾಲ್ಕು ವರ್ಷವಾಯಿತು. ಎಡಗೆನ್ನೆಯಲ್ಲಿ ಅದರ ಸುಳಿವೂ ಇರಲಿಲ್ಲ. ಚರ್ಮದ ವೈದ್ಯರು ಎರಡೂ ಕೆನ್ನೆಗಳನ್ನು ನೋಡಿ, ಬಲಗಿವಿಯ ತುದಿಯನ್ನು ಮಡಚಿ ನೋಡಿ, "ಯಾವ ಗಾಡಿ ಓಡಿಸುತ್ತೀರಿ?" ಎಂದು ಕೇಳಿದರು. ತೆರೆದ ಜೀಪು ಎಂದೆ. "ಹಾಗಾದರೆ ಮೊದಲು ಜೀಪಿಗೆ ಔಷಧ ಮಾಡಿ, ಆಮೇಲೆ ಕೆನ್ನೆಗೆ" ಎಂದರು. ಆ ಮಾತನ್ನು ನಾನು ಅಕ್ಷರಶಃ ನಂಬಿದೆ.

ನಾನು ಮೀನುಗಾರಿಕೆ ದೋಣಿಗಳ ಡೀಸೆಲ್ ಇಂಜಿನ್ ರಿಪೇರಿ ಮಾಡುವವನು. ಮನೆ ಹೊನ್ನಾವರದಲ್ಲಿ, ಕೆಲಸ ಪಕ್ಕದ ಕಾಸರಕೋಡಿನಿಂದ ಹಿಡಿದು ತದಡಿ, ಬೇಲೆಕೇರಿ, ಕಾರವಾರದ ಬೈತಖೋಲದವರೆಗೆ. ವಾರಕ್ಕೆ ಎರಡು ಸಲ ಕಾರವಾರ, ಒಂದು ದಿಕ್ಕಿಗೆ ಸುಮಾರು 90 ಕಿಲೋಮೀಟರ್. ಪ್ರೊಪೆಲರ್ ಶಾಫ್ಟ್‌ನಂಥ ಉದ್ದದ ಸಾಮಾನನ್ನು ಸರಪಳಿ ರಾಟೆಯಿಂದ ಮೇಲಿನಿಂದಲೇ ಇಳಿಸಬೇಕು, ಆದ್ದರಿಂದ ಹಳೆಯ ಮಹೀಂದ್ರಾ ಜೀಪಿನ ತಲೆ ಯಾವಾಗಲೂ ಬೋಳು. ಮುಚ್ಚಿದ ಗಾಡಿ ಕೊಳ್ಳು ಎಂದು ಹೇಳದವರಿಲ್ಲ. ಕೊಳ್ಳುವುದಿಲ್ಲ. ಈ ಜೀಪಿನಲ್ಲೇ ಬಿಸಿಲನ್ನು ಗೆಲ್ಲುತ್ತೇನೆ ಎಂದು ಹಟ ಹಿಡಿದೆ, ಗೆದ್ದೆ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಳೆದುಕೊಂಡ ದುಡ್ಡಿನ ವಿಷಯ. ಕ್ಯಾನ್ವಾಸ್ ಹುಡ್ ಹೊಲಿಸಲು 7,500 ರೂಪಾಯಿ ಕೊಟ್ಟೆ. ಏಪ್ರಿಲ್‌ನಲ್ಲಿ ಅದರ ಕೆಳಗೆ ಕುಳಿತರೆ ಅಕ್ಕಿ ಬೇಯಿಸುವ ಪಾತ್ರೆಯೊಳಗೆ ಕುಳಿತಂತೆ. ಅಲ್ಲದೆ ಪ್ರತಿ ಸಲ ಸಾಮಾನು ಇಳಿಸುವಾಗ ಬಿಚ್ಚಿ ಕಟ್ಟಲು ಅರ್ಧ ಗಂಟೆ ಹೋಗುತ್ತಿತ್ತು. ಆಮೇಲೆ ಆನ್‌ಲೈನ್‌ನಲ್ಲಿ ಸುಮಾರು 4,000 ಕೊಟ್ಟು ತಲೆಯ ಮೇಲಷ್ಟೇ ಕಟ್ಟುವ ಬಟ್ಟೆ ತರಿಸಿದೆ. ಎರಡು ತಿಂಗಳಿಗೆ ಹೊಲಿಗೆ ಬಿಟ್ಟು, ಮಿರ್ಜಾನ್ ಹತ್ತಿರ ಗಾಳಿಗೆ ಸೀಳಿತು. ಟೊಪ್ಪಿಗಳು ಮೂರು. ಅಗಲ ಅಂಚಿನ ಒಳ್ಳೆಯದೊಂದು ಶರಾವತಿ ಸೇತುವೆಯ ನಡುವೆ ತಲೆಯಿಂದ ಎದ್ದು ನೇರ ಹೊಳೆಗೆ ಹೋಯಿತು. ಬೈಕಿನವರು ಹಾಕುವ ತೆಳು ತೋಳುಚೀಲಗಳು ನಾಲ್ಕು ಜೊತೆ. ಸನ್‌ಸ್ಕ್ರೀನ್ ಟ್ಯೂಬುಗಳ ಲೆಕ್ಕ ಇಟ್ಟಿಲ್ಲ. ಒಟ್ಟಾರೆ 17 ಸಾವಿರದ ಆಸುಪಾಸು ನೀರಿಗೆ ಹಾಕಿದೆ.

ಟ್ಯೂಬಿನ ವಿಷಯದಲ್ಲಿ ನಾನು ಮಾಡುತ್ತಿದ್ದ ತಪ್ಪನ್ನೇ ಹೆಚ್ಚಿನವರು ಮಾಡುತ್ತಾರೆ. ಎಸ್‌ಪಿಎಫ್ ಎಂದರೆ ಬಿಸಿಲಿನ ಸುಡುವಿಕೆಯನ್ನು ಕ್ರೀಮು ಎಷ್ಟು ತಡೆಯುತ್ತದೆ ಎಂಬ ಅಳತೆ. ಎಸ್‌ಪಿಎಫ್ 50 ಎಂದು ಬರೆದಿರುವುದು ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ ಅಳೆದ ಲೆಕ್ಕ. ನಾನು ಹಚ್ಚುತ್ತಿದ್ದುದು ಅದರ ಕಾಲು ಭಾಗ ಇದ್ದೀತು. ಮುಖ ಮತ್ತು ಕುತ್ತಿಗೆಗೆ ಎರಡು ಬೆರಳುಗಳ ಉದ್ದಕ್ಕೆ ಹಿಂಡಬೇಕು, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಇದನ್ನು ಮೊಣಕೈ ಕೆಳಗಿನ ಎರಡೂ ತೋಳುಗಳಿಗೂ ಅನ್ವಯಿಸಿದಾಗ 500 ರೂಪಾಯಿಯ 50 ಗ್ರಾಂ ಟ್ಯೂಬು ಒಂದು ವಾರಕ್ಕೂ ಸಾಲಲಿಲ್ಲ. ತಿಂಗಳಿಗೆ 2,000 ರೂಪಾಯಿಗಿಂತ ಹೆಚ್ಚು. ಅಲ್ಲಿಗೆ ನನಗೆ ದಾರಿ ಸ್ಪಷ್ಟವಾಯಿತು: ಮುಚ್ಚಬಹುದಾದ ಕಡೆ ಬಟ್ಟೆ, ಮುಚ್ಚಲಾಗದ ಕಡೆ ಮಾತ್ರ ಕ್ರೀಮು.

ಆದರೆ ಯಾವ ಬಟ್ಟೆ? ಇಲ್ಲಿ ಕೆಲಸಕ್ಕೆ ಬಂದದ್ದು ಅಪ್ಪನ ಹಳೆಯ ಕನ್ನಡಕ. ಬಿಸಿಲಿಗೆ ಬಂದರೆ ಕಪ್ಪಾಗುವ ಗಾಜು, ನಂಬರ್ ಬದಲಾಗಿ ಕಪಾಟಿನಲ್ಲಿ ಬಿದ್ದಿತ್ತು. ಆ ಗಾಜನ್ನು ಕಪ್ಪಾಗಿಸುವುದು ಮುಖ್ಯವಾಗಿ ನೇರಳಾತೀತ ಕಿರಣ. ಅಂದರೆ ಚರ್ಮ ಕೆಡಿಸುವ ಕಿರಣವನ್ನು ಕಣ್ಣಿಗೆ ಕಾಣಿಸುವ ಮೀಟರ್ ಮನೆಯಲ್ಲೇ ಇತ್ತು. ಫ್ರೇಮಿನಿಂದ ಎರಡೂ ಗಾಜು ಬಿಡಿಸಿದೆ. ಒಂದನ್ನು ಬಟ್ಟೆಯ ಕೆಳಗೆ, ಇನ್ನೊಂದನ್ನು ಬಯಲಿಗೆ, ಪಕ್ಕಪಕ್ಕ ಒಂದು ನಿಮಿಷ ಇಟ್ಟು ಬಿಳಿ ಕಾಗದದ ಮೇಲೆ ಹೋಲಿಸಿದೆ. ಗಾಜು ಬಿಸಿಯಾಗಿದ್ದರೆ ಸರಿಯಾಗಿ ಕಪ್ಪಾಗುವುದಿಲ್ಲ, ಆದ್ದರಿಂದ ಪ್ರತಿ ಸಲ ಮೊದಲು ನೆರಳಿನಲ್ಲಿ ತಣಿಸಬೇಕು. ಇದು ತಿಳಿಯುವ ಮುಂಚೆ ಒಂದಿಡೀ ಭಾನುವಾರದ ಪರೀಕ್ಷೆ ವ್ಯರ್ಥವಾಯಿತು.

ಬಟ್ಟೆಗಳ ಬಣ್ಣ ಬಯಲಾದದ್ದು ಆಗಲೇ. ನಾನು ನಂಬಿಕೊಂಡಿದ್ದ ಬಿಳಿ ಹತ್ತಿಯ ಟೀ ಶರ್ಟ್ ಕೆಳಗೆ ಗಾಜು ಚೆನ್ನಾಗಿಯೇ ಕಪ್ಪಾಯಿತು. ಅದೇ ಶರ್ಟನ್ನು ಒದ್ದೆ ಮಾಡಿ ಇಟ್ಟರೆ ಇನ್ನೂ ಕಪ್ಪು. ಮೇ ತಿಂಗಳಿನಲ್ಲಿ ಅಂಕೋಲೆ ಮುಟ್ಟುವ ಹೊತ್ತಿಗೆ ನಮ್ಮ ಬೆನ್ನು ಹೇಗಿರುತ್ತದೆ ಎಂಬುದನ್ನು ನೆನಪಿಸಿಕೊಳ್ಳಿ. ತೋಳುಚೀಲ ಹಾಗೇ ಇಟ್ಟಾಗ ಪರವಾಗಿಲ್ಲ, ತೋಳಿಗೆ ಎಳೆದು ಹಾಕಿದಷ್ಟು ಹಿಗ್ಗಿಸಿದರೆ ನೇಯ್ಗೆ ಬಾಯಿ ಬಿಡುತ್ತದೆ. ಕೊನೆಗೆ ಗಾಜನ್ನು ತಿಳಿಯಾಗಿಯೇ ಉಳಿಸಿದ್ದು ನಮ್ಮ ವರ್ಕ್‌ಶಾಪಿನ ಸಮವಸ್ತ್ರದ ದಪ್ಪ ಖಾಕಿ. ಅದರಲ್ಲೇ ಸಡಿಲವಾದ ಪೂರ್ಣ ತೋಳಿನ ಅಂಗಿ ಹೊಲಿಸಿದೆ. ಕಾಲರ್ ಎತ್ತಿ ನಿಲ್ಲಿಸಿದರೆ ಕಿವಿಯ ಬುಡ ಮುಟ್ಟುತ್ತದೆ, ತೋಳಿನ ತುದಿ ಅಂಗೈ ಬೆನ್ನಿನ ಮೇಲೆ ಬಂದು ಹೆಬ್ಬೆರಳಿಗೆ ಸಿಕ್ಕಿಸಿಕೊಳ್ಳುತ್ತದೆ. ಹೊಲಿಗೆ ಸೇರಿ 650 ರೂಪಾಯಿ. ಸಡಿಲ ಅಂಗಿಯೊಳಗೆ ಗಾಳಿ ಆಡುವುದರಿಂದ ತೋಳುಚೀಲಕ್ಕಿಂತ ತಂಪು.

ಅದೇ ಗಾಜಿನಿಂದ ಇನ್ನೊಂದು ಗುಟ್ಟು ಹೊರಬಿತ್ತು. ಬೆಳಿಗ್ಗೆ ಸೂರ್ಯನಿಗೆ ಎದುರಾಗಿ ಜೀಪು ನಿಲ್ಲಿಸಿ, ಮೇಲಿನಿಂದ ಬೆಳಕು ಬೀಳದಂತೆ ಗೋಣಿ ಹೊದಿಸಿ, ಕನ್ನಡಕದ ಗಾಜನ್ನು ಮುಂಗಾಜಿನ ಹಿಂದೆ ಇಟ್ಟು ನೋಡಿದೆ. ಕಪ್ಪಾಯಿತು! ಮುಂಗಾಜು ಕಿರಣ ತಡೆಯುತ್ತದೆ ಎಂದು ಇಷ್ಟು ವರ್ಷ ನಂಬಿದ್ದೆ. ನಡುವೆ ಪ್ಲಾಸ್ಟಿಕ್ ಪದರವಿರುವ ಲ್ಯಾಮಿನೇಟೆಡ್ ಗಾಜು ಮಾತ್ರ ಹಾಗೆ ತಡೆಯುವುದು. ನನ್ನ ಜೀಪಿಗೆ ಹಿಂದಿನ ಮಾಲೀಕರು ಯಾವುದೋ ಕಾಲದಲ್ಲಿ ಸಾದಾ ಗಾಜು ಕೂರಿಸಿದ್ದರು. ಬದಲಾಯಿಸಲು 3,500 ರೂಪಾಯಿ ಆಯಿತು. ಹೊಸ ಗಾಜಿನ ಹಿಂದೆ ಅಪ್ಪನ ಕನ್ನಡಕ ನೀರಿನಂತೆ ತಿಳಿಯಾಗಿ ಉಳಿದಾಗ ಆದ ಸಂತೋಷ ಕೆಟ್ಟ ಇಂಜಿನ್ ಮೊದಲ ಸಲ ಹತ್ತಿಕೊಂಡಾಗ ಆಗುವಂಥದ್ದು.

ಇನ್ನು ಎಲ್ಲರೂ ಅನುಮಾನಿಸಿದ ವಸ್ತು: ಬಲೆ. ಅಡಿಕೆ ಸಸಿಮಡಿಗೆ ಕಟ್ಟುವ ನೆರಳು ಬಲೆಯನ್ನು ಶಿರಸಿಯಲ್ಲಿ ಮಾವನ ತೋಟದಲ್ಲಿ ನೋಡುತ್ತಲೇ ಬಂದಿದ್ದೆ. ಅದರ ಕೆಳಗೆ ನಿಂತರೆ ನೆರಳೂ ಇದೆ, ಗಾಳಿಯೂ ಇದೆ. ಬಂದರಿನಲ್ಲಿ ಇದನ್ನು ಹೇಳಿದಾಗ, "ತೂತು ಇರುವ ಮಾಡಿನಿಂದ ಬಿಸಿಲು ತಪ್ಪುತ್ತದೆಯೇ?" ಎಂದು ಕೇಳಿದವರೇ ಹೆಚ್ಚು. ಮೀನುಗಾರಿಕೆ ನಿಷೇಧದ 61 ದಿನ, ಜೂನ್ 1ರಿಂದ ಜುಲೈ 31ರವರೆಗೆ, ನನಗೆ ಬಿಡುವು. ಒಂದು ಮಳೆಗಾಲ ಪೂರ್ತಿ ಇದಕ್ಕೇ ಕೊಟ್ಟೆ. ನಡುನಡುವೆ ಬಿಸಿಲು ಇಣುಕಿದಾಗಲೆಲ್ಲ ಗಾಜು ಹಿಡಿದು ಅಂಗಳಕ್ಕೆ ಓಡುತ್ತಿದ್ದೆ. ನೂರಕ್ಕೆ 50ರಷ್ಟು ಬಿಸಿಲು ತಡೆಯುವ ಬಲೆ ಉಪಯೋಗವಿಲ್ಲ. 75ರದ್ದು ಒಂದೇ ಪದರವಾದರೆ ಗಾಜು ಅರ್ಧ ಕಪ್ಪಾಗುತ್ತದೆ. 75ರದ್ದನ್ನೇ ಎರಡು ಪದರ, ಎಳೆಗಳು ಒಂದಕ್ಕೊಂದು ಅಡ್ಡವಾಗಿರುವಂತೆ ಹಾಕಿದರೆ ಲೆಕ್ಕದ ಪ್ರಕಾರ ಒಳಗೆ ಬರುವುದು ನೂರಕ್ಕೆ ಆರು. ಗಾಜೂ ಬಹುತೇಕ ಅದನ್ನೇ ಹೇಳಿತು. ಹಸಿರು ಬಲೆ ಬೇಡ, ಕಪ್ಪು ತೆಗೆದುಕೊಳ್ಳಿ. ಹಸಿರು ಬಲೆಯ ಒಳಗೆ ಕಣ್ಣು ಕುಕ್ಕುತ್ತದೆ, ಕಪ್ಪಿನ ಮೂಲಕ ಹೊರಗಿನದು ನಿಚ್ಚಳವಾಗಿ ಕಾಣುತ್ತದೆ.

ಕಟ್ಟುವುದರಲ್ಲಿ ಎರಡು ಸಲ ಸೋತೆ. ಮೊದಲ ಬಲೆ 60ರ ವೇಗದಲ್ಲಿ ಹಾಯಿಯಂತೆ ಉಬ್ಬಿ, ಹಗ್ಗ ಕಟ್ಟಿದ ಕಣ್ಣುಗಳನ್ನು ಕಿತ್ತುಕೊಂಡು ಹಿಂದೆ ಹಾರಿತು. ಹೆದ್ದಾರಿಯಲ್ಲಿ ಹಿಂದೆ ಬೈಕು ಇದ್ದಿದ್ದರೆ ಏನಾಗುತ್ತಿತ್ತೋ, ಅದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಎರಡನೆಯದು ಹಾರಲಿಲ್ಲ, ಆದರೆ ಪಟಪಟ ಸದ್ದಿಗೆ ಇಂಜಿನ್ ಶಬ್ದವೇ ಕೇಳದಾಯಿತು. ನನ್ನಂಥವನಿಗೆ ಅದು ಕುರುಡಾದಂತೆ. ಮೂರನೆಯದನ್ನು ಬೈತಖೋಲದಲ್ಲಿ ಬಲೆ ಹೆಣೆಯುವ ಹಿರಿಯರೊಬ್ಬರ ಬಳಿ ಒಯ್ದೆ. ಅವರು ಸುತ್ತಲೂ ತೇಲುಹಗ್ಗ ಕಟ್ಟುವ ರೀತಿಯಲ್ಲೇ ನೈಲಾನ್ ಹಗ್ಗ ಹೊಲಿದು ಕೊಟ್ಟರು. ಮುಂದಿನ ಅಂಚು ಮುಂಗಾಜಿನ ಚೌಕಟ್ಟಿಗೆ ಒಂದು ಬೆರಳೂ ಸಂದಿಯಿಲ್ಲದೆ ಕೂರಬೇಕು, ಹಿಂದಿನ ಅಂಚು ಮುಂದಿನದಕ್ಕಿಂತ ನಾಲ್ಕು ಇಂಚು ಕೆಳಗಿರಬೇಕು. ಎರಡು ಪದರಗಳ ನಡುವೆ ಬಡಿತ ನಿಲ್ಲಿಸಲು ಏನನ್ನು ಇಟ್ಟಿದ್ದೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಹಿರಿಯರ ಗಂಟು ಯಾವುದೆಂಬುದನ್ನೂ ಬರೆಯುವುದಿಲ್ಲ. ಅದು ಅವರ ಹೊಟ್ಟೆಪಾಡು. ಬಲೆ, ಹಗ್ಗ, ಕೂಲಿ ಸೇರಿ 1,800 ರೂಪಾಯಿ ಆಗಿರಬಹುದು. ಬಿಚ್ಚಲು ಎರಡು ನಿಮಿಷ, ಕಟ್ಟಲು ಐದು.

ಬಲೆ ಮೇಲಿನ ಬಿಸಿಲಿಗೆ ಆಯಿತು. ಪಕ್ಕದ ಬಿಸಿಲು? ನನ್ನ ಇಡೀ ಅನುಭವದಲ್ಲಿ ದುಡ್ಡು ಖರ್ಚಾಗದೆ ಸಿಕ್ಕಿದ್ದೂ ಅತ್ಯಂತ ಬೆಲೆಬಾಳುವುದೂ ಇದೇ ಪ್ರಶ್ನೆಯ ಉತ್ತರ. ಒಂದು ಸಲ ಬೈತಖೋಲದಲ್ಲಿ ಇಂಜಿನ್ ಕೆಲಸ ರಾತ್ರಿಯವರೆಗೆ ಎಳೆಯಿತು. ಕಾರವಾರದಲ್ಲೇ ತಂಗಿಯ ಮನೆಯಲ್ಲಿ ಉಳಿದು ಮರುದಿನ ಬೆಳಿಗ್ಗೆ ಹೊರಟೆ. ಹೊನ್ನಾವರ ಮುಟ್ಟಿದಾಗ ಬಲಗೆನ್ನೆ ಉರಿಯುತ್ತಿರಲಿಲ್ಲ. ಆಗ ಕುಳಿತು ಯೋಚಿಸಿದೆ. ನಮ್ಮ ರಾಷ್ಟ್ರೀಯ ಹೆದ್ದಾರಿ 66 ಹೊನ್ನಾವರದಿಂದ ಕಾರವಾರದ ಕಡೆ ಉತ್ತರಕ್ಕೆ, ತುಸು ಪಶ್ಚಿಮಕ್ಕೆ ವಾಲಿ ಹೋಗುತ್ತದೆ. ಬೆಳಿಗ್ಗೆ ಉತ್ತರಕ್ಕೆ ಹೊರಟರೆ ಸೂರ್ಯ ಬಲಗಡೆ, ಅದೂ ತುಸು ಹಿಂದಿನಿಂದ. ಸಂಜೆ ದಕ್ಷಿಣಕ್ಕೆ ಮರಳಿದರೆ ಪಡುವಣ ಸೂರ್ಯ ಮತ್ತೆ ಬಲಗಡೆ, ಮತ್ತೆ ಹಿಂದಿನಿಂದ. ಎಂಟು ವರ್ಷ ಎರಡೂ ಹೊತ್ತು ಅದೇ ಕೆನ್ನೆ, ಅದೇ ಕಿವಿ, ಅದೇ ತೋಳನ್ನು ಬಿಸಿಲಿಗೆ ಕೊಟ್ಟಿದ್ದೆ! ಈಗ ಮಧ್ಯಾಹ್ನ ಮೂರರ ಮೇಲೆ ಹೊರಡುತ್ತೇನೆ, ದೋಣಿ ಕಟ್ಟಿದ ಮೇಲೆ ಸಂಜೆ ಕೆಲಸ ಮಾಡುತ್ತೇನೆ, ರಾತ್ರಿ ಉಳಿದು ಬೆಳಿಗ್ಗೆ ಎಂಟರೊಳಗೆ ಮರಳುತ್ತೇನೆ. ಎರಡೂ ಸಲ ಸೂರ್ಯ ಎಡಕ್ಕೆ, ತುಸು ಮುಂದಕ್ಕೆ. ಒಂದಷ್ಟನ್ನು ಲ್ಯಾಮಿನೇಟೆಡ್ ಗಾಜು ನುಂಗುತ್ತದೆ, ಉಳಿದದ್ದಕ್ಕೆ ಎಡಗಡೆ ಮೇಲಿನಿಂದ ಒಂದು ಮೊಳ ಇಳಿಬಿಟ್ಟ ಬಲೆಯ ಪರದೆ. ಎಡಗನ್ನಡಿಯ ಜಾಗವನ್ನು ಕತ್ತರಿಸಿ ಬಿಡಬೇಕು, ಇದರಲ್ಲಿ ರಾಜಿ ಬೇಡ. ಕಾರವಾರದಲ್ಲಿ ಮನೆಯಿದ್ದು ಬೆಳಿಗ್ಗೆ ಭಟ್ಕಳದ ಕಡೆ ಬಂದು ಸಂಜೆ ಮರಳುವವರಿಗೆ ಈ ಭಾಗ್ಯ ತಾನಾಗಿಯೇ ಇದೆ, ಅವರಿಗೆ ಪರದೆಯೊಂದು ಸಾಕು.

ಇಷ್ಟಾದರೂ ಮುಖಕ್ಕೆ ಕ್ರೀಮು ತಪ್ಪುವುದಿಲ್ಲ. ಕಿರಣದ ದೊಡ್ಡ ಪಾಲು ಸೂರ್ಯನಿಂದ ನೇರವಾಗಿ ಬರದೆ ಇಡೀ ಆಕಾಶದಿಂದ ಚದುರಿ ಬರುತ್ತದೆ, ಬಲೆಯ ಪಕ್ಕದಿಂದ ಒಳಗೆ ನುಗ್ಗುತ್ತದೆ. ಇದನ್ನು ಕಲಿಸಿದ್ದು ಆಗಸ್ಟ್ ತಿಂಗಳ ಮೋಡ. ನಿಷೇಧ ಮುಗಿದ ಮೊದಲ ವಾರ, ಮೋಡ ಕವಿದಿದೆ ಎಂದು ಏನೂ ಹಚ್ಚದೆ, ಬಲೆ ಬಿಚ್ಚಿ ತದಡಿಗೆ ಹೋಗಿ ಬಂದೆ. ಗಾಳಿ ತಂಪಾಗಿತ್ತು. ರಾತ್ರಿ ಮೂಗು, ಹಣೆ ಕೆಂಪಾಗಿ ಉರಿಯಿತು. ತೆಳು ಮೋಡ ಬೆಳಕನ್ನು ತಗ್ಗಿಸಿದಷ್ಟು ಈ ಕಿರಣವನ್ನು ತಗ್ಗಿಸುವುದಿಲ್ಲ. ಮೇಲಾಗಿ ನಮ್ಮ ಜಿಲ್ಲೆಯಲ್ಲಿ ಏಪ್ರಿಲ್ ಕೊನೆಯಂತೆಯೇ ಆಗಸ್ಟ್ ನಡುವಿನಲ್ಲೂ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ.

ಕ್ರೀಮಿನ ಆಯ್ಕೆ ಚುಟುಕಾಗಿ: ಎಸ್‌ಪಿಎಫ್ 50, ಜೊತೆಗೆ ಯುವಿಎ ಕಿರಣದ ತಡೆಯನ್ನು ಸೂಚಿಸುವ ಪಿಎ ಗುರುತಿನ ಮುಂದೆ ನಾಲ್ಕು ಕೂಡುಚಿಹ್ನೆ. ಬಂಗು ಇರುವವರು ಮೈಬಣ್ಣದ, ಐರನ್ ಆಕ್ಸೈಡ್ ಇರುವುದನ್ನೇ ಕೇಳಿ ಪಡೆಯಿರಿ, ಏಕೆಂದರೆ ಬಂಗನ್ನು ಕಣ್ಣಿಗೆ ಕಾಣುವ ಬೆಳಕೂ ಕೆಣಕುತ್ತದೆ. ಗಂಡಸರು ಇದಕ್ಕೆ ನಾಚಬೇಕಾಗಿಲ್ಲ. ಹಣೆಗೂ ಕಣ್ಣಿನ ಸುತ್ತಲೂ ಜಿಂಕ್ ಆಕ್ಸೈಡಿನ ಕಡ್ಡಿ ಹಚ್ಚುತ್ತೇನೆ. ಹಿಂದೆ ಜೆಲ್ ಬೆವರಿನೊಂದಿಗೆ ಕಣ್ಣಿಗಿಳಿದು ಕುಮಟಾದ ತಿರುವಿನಲ್ಲಿ ಎರಡು ಕ್ಷಣ ಏನೂ ಕಾಣದೆ ಹೋದ ಮೇಲೆ ಮಾಡಿಕೊಂಡ ನಿಯಮ ಇದು. ಈಗ ತಿಂಗಳಿಗೆ ಒಂದೂವರೆ ಟ್ಯೂಬು ಸಾಕು.

ಟೊಪ್ಪಿಯ ಬಗ್ಗೆ ಒಂದು ಮಾತು. ಮಾವ ಅಡಿಕೆ ಹಾಳೆಯಿಂದ ಟೊಪ್ಪಿ ಮಾಡಿಕೊಟ್ಟರು. ಗಾಜಿನ ಪರೀಕ್ಷೆಯಲ್ಲಿ ಅದನ್ನು ಮೀರಿಸಿದ ವಸ್ತುವೇ ಇಲ್ಲ, ಒಂದಿಷ್ಟೂ ಕಿರಣ ದಾಟುವುದಿಲ್ಲ. ಅಂಚಿಲ್ಲದ ಕಾರಣ ಗಾಳಿಗೂ ಎದ್ದು ಹೋಗುವುದಿಲ್ಲ. ಅದರ ಕೆಳಗೆ ಪಾಣಿಪಂಚೆಯನ್ನು ಎರಡು ಮಡಿಕೆ ಮಾಡಿ ಕಿವಿ, ಕುತ್ತಿಗೆ ಮುಚ್ಚುವಂತೆ ಇಳಿಬಿಟ್ಟರೆ ಪೇಟೆಯ ಯಾವ ಟೊಪ್ಪಿಯೂ ಬೇಡ. ಬೇಸಿಗೆಯಲ್ಲಿ ಹಾಳೆ ಒಣಗಿ ಸೀಳುತ್ತದೆ ಎಂಬುದೊಂದೇ ಕೊರತೆ. ಎರಡು ಒಡೆದವು, ಮೂರನೆಯದನ್ನು ರಾತ್ರಿ ಒದ್ದೆ ಬಟ್ಟೆಯಲ್ಲಿ ಸುತ್ತಿಡುತ್ತಿದ್ದೇನೆ. ಅತ್ತೆಯವರು ಕೊಟ್ಟ ಮುರುಗಲು (ಕೋಕಂ) ಬೀಜದ ತುಪ್ಪವನ್ನೂ ಪರೀಕ್ಷಿಸಿದೆ. ಬಿಸಿಲು ತಡೆಯುವ ಕೆಲಸ ಅದರದ್ದಲ್ಲ, ಆದರೆ ಗಾಳಿಗೆ ಒಡೆದ ತುಟಿಗೆ ರಾತ್ರಿ ಹಚ್ಚಿದರೆ ಅದಕ್ಕೆ ಸಮನಾದದ್ದಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಹೋಗು ಎಂದ ಹಿರಿಯರ ಮಾತು ಕೇಳಿ ಒಂದು ದಿನ ಹಾಗೇ ಹೋದೆ, ಅದು ಸಾಲದು.

ಬಂಗು ಪೂರ್ತಿ ಹೋಗಿಲ್ಲ. ಆದರೆ ಕಳೆದ ಸಲ ವೈದ್ಯರು ನೋಡಿದಾಗ ಅಂಚುಗಳು ಮಾಸಿವೆ ಎಂದರು, ಬಲೆಯ ಫೋಟೋ ಕೇಳಿ ಪಡೆದರು. ತೂತಿನ ಮಾಡು ಎಂದು ಆಡಿಕೊಂಡಿದ್ದವರಲ್ಲಿ ಇಬ್ಬರು ಈ ಮಳೆಗಾಲಕ್ಕೆ ತಮ್ಮ ಜೀಪಿಗೂ ಹೊಲಿಸಿಕೊಡಲು ಕೇಳಿದ್ದಾರೆ. ಒಬ್ಬರ ಗಾಡಿ ನನ್ನದಕ್ಕಿಂತ ಉದ್ದ, ನಡುವೆ ಇನ್ನೊಂದು ಅಡ್ಡಕಂಬಿ ಬೇಕಾಗುತ್ತದೆ. ಅದನ್ನು ಜೂನ್‌ನಲ್ಲಿ ಅಳತೆ ಹಿಡಿದು ನೋಡಬೇಕು.