ಅಜ್ಜಿಯ ಬದುಕನ್ನು ನಾವು ಬರೆದಿಟ್ಟಿದ್ದು ಹೀಗೆ

ನಮ್ಮಜ್ಜಿಯ ವರ್ಷದ ತಿಥಿಯ ಹೊತ್ತಿಗೆ ಅವರ ಬದುಕಿನ ಬಗ್ಗೆ ಒಂದು ಚಿಕ್ಕ ಪುಸ್ತಕ ಮಾಡಿ ನೆಂಟರಿಗೆಲ್ಲ ಹಂಚಬೇಕು ಅಂತ ನಾನೂ ಚಿಕ್ಕಪ್ಪನ ಮಗಳೂ ಅಂದುಕೊಂಡೆವು. ಅಜ್ಜಿ ಮಾಗಡಿ ಕಡೆಯವರು. ಮದುವೆಯಾಗಿ ಬೆಂಗಳೂರಿನ ಕಾಟನ್‌ಪೇಟೆಯ ಒಂದು ವಠಾರಕ್ಕೆ ಬಂದರು. ತಾತ ಬಿನ್ನಿ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಇಷ್ಟು ಎಲ್ಲರಿಗೂ ಗೊತ್ತಿತ್ತು. ಇದರಾಚೆಗೆ ಹೋಗಲು ನಾವು ಮಾಡಿದ್ದನ್ನು ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಯಾರಾದರೂ ಇಂಥದ್ದಕ್ಕೆ ಕೈ ಹಾಕಿದರೆ ಉಪಯೋಗವಾದೀತು.

ಮೊದಲು ಹುಟ್ಟಿದ ವರ್ಷ. ಆಧಾರ್ ಕಾರ್ಡಿನಲ್ಲಿ 1940ರ ಜನವರಿ 1 ಅಂತಿತ್ತು. ಹುಟ್ಟಿದ ದಿನ ಗೊತ್ತಿಲ್ಲದ ಎಷ್ಟೋ ಹಿರಿಯರ ಕಾರ್ಡಿನಲ್ಲಿ ಇದೇ ಜನವರಿ 1 ಇರುತ್ತದೆ. ಅಜ್ಜಿಯ ತಂಗಿಯನ್ನು ಕೇಳಿದೆವು. "ಅಕ್ಕ ಧಾತು ವರ್ಷದ ಶ್ರಾವಣದಾಗೆ ಹುಟ್ಟಿದ್ದು ಮಗಾ. ಬರದ ಹೆಸರಿನ ವರ್ಷ ಅಂತ ನಮ್ಮವ್ವ ಹೇಳ್ತಿತ್ತು" ಅಂದರು. 1876-78ರ ದೊಡ್ಡ ಬರವನ್ನು ನಮ್ಮ ಕಡೆ ಧಾತು-ಈಶ್ವರ ಬರ ಅಂತಲೇ ಕರೆಯುತ್ತಿದ್ದರು. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುವುದರಿಂದ ಮುಂದಿನ ಧಾತು ಶುರುವಾಗಿದ್ದು 1936ರ ಯುಗಾದಿಗೆ. ಹಾಗಾಗಿ ಅಜ್ಜಿ ಹುಟ್ಟಿದ್ದು 1936ರ ಜುಲೈ-ಆಗಸ್ಟಿನಲ್ಲಿ. ಹಿರಿಯರ ಹತ್ತಿರ ಇಸವಿ ಕೇಳುವುದಕ್ಕಿಂತ ಸಂವತ್ಸರ, ಮಾಸ ಕೇಳಿ. ಅದು ಅವರ ಬಾಯಲ್ಲಿ ಸಲೀಸಾಗಿ ಬರುತ್ತದೆ.

ಟ್ರಂಕಿನ ತಳದಲ್ಲಿ ಲಗ್ನಪತ್ರಿಕೆ ಸಿಕ್ಕಿತು. ವಿಜಯ ಸಂವತ್ಸರ, ಫಾಲ್ಗುಣ ಶುದ್ಧ. ವಿಜಯ ಅಂದರೆ 1953 ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಆದರೆ ಫಾಲ್ಗುಣ ಬರುವುದು ಸಂವತ್ಸರದ ಕೊನೆಗೆ ಅಲ್ವಾ? ಹಾಗಾಗಿ ಮದುವೆ ನಡೆದದ್ದು 1954ರ ಮಾರ್ಚಿನಲ್ಲಿ. ಪತ್ರಿಕೆ ಇಲ್ಲದ ಸಂಗತಿಗಳಿಗೆ ಊರಿಗೆಲ್ಲ ಗೊತ್ತಿರುವ ಘಟನೆಗಳನ್ನು ಹಿಡಿದುಕೊಂಡೆವು. ಆಗ ವಿಧಾನಸೌಧ ಕಟ್ಟಿ ಮುಗಿದಿತ್ತಾ? ನಯಾಪೈಸೆ ಬಂದಿತ್ತಾ, ಇನ್ನೂ ಆಣೆಯೇ ಇತ್ತಾ? ನೆಹರೂ ತೀರಿಕೊಂಡಾಗ ಕೈಯಲ್ಲಿ ಯಾವ ಮಗು ಇತ್ತು? 1956, 1957, 1964. ಈ ಮೂರು ಗೂಟ ನೆಟ್ಟ ಮೇಲೆ ಮಿಕ್ಕಿದ್ದೆಲ್ಲ ತಂತಮ್ಮ ಜಾಗಕ್ಕೆ ಬಂದು ಕೂತವು.

ನಿಜವಾಗಿ ಕಷ್ಟವಾಗಿದ್ದು ಹೆಂಗಸರ ಹೆಸರು. ಹಿಂದೆ ಸುಗ್ಗಿ ಮುಗಿದ ಮೇಲೆ ಹೆಳವರು ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಊರಿಗೆ ಬಂದು ವಂಶಾವಳಿ ಹೇಳುತ್ತಿದ್ದರು. ದೊಡ್ಡಪ್ಪ ಅದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಬಹಳ ಬೆಲೆಯುಳ್ಳ ನೋಟ್‌ಬುಕ್ ಅದು. ಆದರೆ ಅದರಲ್ಲಿ ತಾತನ ಅಪ್ಪ, ಅವರಪ್ಪ, ಅವರಪ್ಪ, ಬರೀ ಗಂಡಸರು. ನಾಡಕಚೇರಿಯ ವಂಶವೃಕ್ಷದಲ್ಲಿ ಅಜ್ಜಿ ತಾತನ ಹೆಂಡತಿ ಅಷ್ಟೆ. ಅವರ ತವರು ಅದರಲ್ಲಿ ಎಲ್ಲೂ ಇಲ್ಲ. ಅಜ್ಜಿಯನ್ನು ಬೆಳೆಸಿದವರು, ಅವರ ಕಷ್ಟಕ್ಕೆ ಆದವರು ಇಲ್ಲದ ಪುಸ್ತಕ ಅಜ್ಜಿಯ ಪುಸ್ತಕ ಹೇಗಾಗುತ್ತದೆ?

ಆಗ ಕೈ ಹಿಡಿದಿದ್ದು ಮುಯ್ಯಿ ಪುಸ್ತಕ. ಮದುವೆಯಲ್ಲಿ ಯಾರು ಎಷ್ಟು ಓದಿಸಿದರು ಅಂತ ಊರು-ಹೆಸರಿನ ಸಮೇತ ಬರೆದಿದ್ದರು. ಎರಡು ರೂಪಾಯಿ, ಎಂಟಾಣೆ, ಒಂದು ಸೀರೆ. ಅಜ್ಜಿಯ ಸೋದರತ್ತೆಯರು, ಚಿಕ್ಕವ್ವಂದಿರು ಎಲ್ಲ ಅಲ್ಲಿದ್ದರು. ಆ ಹೆಸರುಗಳನ್ನು ಅಜ್ಜಿಯ ತಂಗಿಯ ಮುಂದೆ ಒಂದೊಂದಾಗಿ ಓದಿದೆವು. ಮೊಬೈಲಿನಲ್ಲಿ ರೆಕಾರ್ಡ್ ಹಾಕಿ ಪಕ್ಕಕ್ಕಿಟ್ಟು, ಸುಮ್ನೆ ಅವರೆಕಾಯಿ ಸುಲಿಯುತ್ತ ಕೂತೆವು. ಕೈಗೆ ಕೆಲಸ ಇದ್ದರೆ ಮಾತು ತಾನಾಗಿ ಬರುತ್ತದೆ.

ಇನ್ನೊಂದು ಪ್ರಶ್ನೆಯಿಂದ ಎಲ್ಲಕ್ಕಿಂತ ಜಾಸ್ತಿ ಸಿಕ್ಕಿತು: "ಈ ಮಗುವಿನ ಬಾಣಂತನ ಯಾರು ಮಾಡಿದ್ರು?" "ಅಜ್ಜಿ ಹೇಗಿದ್ರು?" ಅಂದರೆ ಎಲ್ಲರೂ ಒಳ್ಳೆಯವರು ಅಂತ ಹೇಳಿ ಸುಮ್ಮನಾಗುತ್ತಿದ್ದರು. ಬಾಣಂತನದ ಮಾತು ತೆಗೆದರೆ ಸಾಕು, ಇಡೀ ಕಥೆ ಹೊರಗೆ ಬರುತ್ತಿತ್ತು. ಮೊದಲ ಹೆರಿಗೆ ತವರಿನಲ್ಲಿ. ಎರಡನೆಯದು ವಾಣಿವಿಲಾಸ ಆಸ್ಪತ್ರೆಯಲ್ಲಿ. ಆಗ ಅಜ್ಜಿಯ ಅವ್ವ ತೀರಿಕೊಂಡಿದ್ದರು. ವಠಾರದ ಪಕ್ಕದ ಮನೆಯ ತಮಿಳು ಮಾತಾಡುವ ಅಮ್ಮ ಬಂದು ಎಣ್ಣೆ ನೀರು ಹಾಕಿದರಂತೆ, ಖಾರದ ಪುಡಿ ಮಾಡಿಕೊಟ್ಟರಂತೆ. ನಮ್ಮ ಅತ್ತೆ ಇವತ್ತಿಗೂ ಅವರನ್ನು ದೊಡ್ಡಮ್ಮ ಅಂತಲೇ ನೆನೆಯುತ್ತಾರೆ. ಅವರ ಹೆಸರನ್ನೂ ನಾವು ವಂಶವೃಕ್ಷದಲ್ಲೇ ಬರೆದೆವು. ರಕ್ತಸಂಬಂಧ ಅಲ್ಲವಲ್ಲ ಅಂತ ಒಬ್ಬರು ಕೇಳಿದರು. ಇರಲಿ, ಅಜ್ಜಿ ಇದ್ದಿದ್ದರೆ ಬಿಡುತ್ತಿರಲಿಲ್ಲ ಅಂತ ಅತ್ತೆಯೇ ಹೇಳಿದರು.

ಮರದ ಚಿತ್ರದಲ್ಲಿ ಅಜ್ಜಿಯನ್ನು ನಡುವೆ ಇಟ್ಟೆವು. ಒಂದು ಕಡೆ ತವರು, ಇನ್ನೊಂದು ಕಡೆ ಗಂಡನ ಮನೆ, ಕೆಳಗೆ ವಠಾರ. ಫೋಟೋಗಳ ಹಿಂದೆ ಹೆಸರುಗಳನ್ನು ಪೆನ್ನಿನಲ್ಲಿ ಬರೆಯದೆ ಮೆತ್ತನೆಯ ಪೆನ್ಸಿಲ್ಲಿನಲ್ಲಿ ಬರೆದೆವು. ಶಾಯಿ ಇನ್ನೊಂದು ಬದಿಗೆ ಇಳಿಯಬಹುದು. ರೆಕಾರ್ಡಿಂಗ್‌ಗಳನ್ನು ಮೂರು ಮನೆಗಳ ಕಂಪ್ಯೂಟರಿನಲ್ಲಿ ಇಟ್ಟಿದ್ದೇವೆ.

ಪುಸ್ತಕದ ಕೊನೆಗೆ ಬೇಕೆಂದೇ ಖಾಲಿ ಹಾಳೆ ಬಿಟ್ಟಿದ್ದೆವು. ತಿಥಿಯ ದಿನ ಮಾಗಡಿಯಿಂದ ಬಂದವರು ಊಟಕ್ಕೆ ಏಳುವ ಮುಂಚೆಯೇ ಅಜ್ಜಿಯ ಸೋದರತ್ತೆಯ ಹೆಣ್ಣುಮಕ್ಕಳ ಹೆಸರು, ಅವರನ್ನು ಕೊಟ್ಟ ಊರು ಬರೆಸಿದರು. ಅವರಲ್ಲಿ ಒಬ್ಬರು ಕುಣಿಗಲ್ಲಿನಲ್ಲಿ ಇದ್ದಾರೆ. ಮುಂದಿನ ತಿಂಗಳು ಅವರನ್ನು ನೋಡಲು ಹೋಗುತ್ತಿದ್ದೇವೆ.