ಹೊಳ್ಳಿ ಬರೂಮುಂದ ಕೊಡಸ್ತೀನಿ: ಮಕ್ಕಳಿಗೆ ತಡೆದುಕೊಳ್ಳೋದು ಕಲಿಸುವುದು ಹೇಗೆ?

ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಅರ್ಧ ತಾಸು ಸುಮ್ಮನೆ ನಿಂತು ನೋಡಿ. ಫುಗ್ಗಾ ಬೇಕೆಂದು ಕೂಸು ನೆಲಕ್ಕೆ ಬಿದ್ದು ಹೊರಳುತ್ತಿರುತ್ತದೆ. ಅಪ್ಪ ನಾಲ್ಕು ಮಂದಿಯ ಎದುರೇ ಬೆನ್ನಿಗೊಂದು ಬಾರಿಸಿ, ‘ಇಷ್ಟ್ಯಾಕ ಸಿಟ್ಟು ಮಾಡ್ತಿ?’ ಎಂದು ಬುದ್ಧಿ ಹೇಳುತ್ತಿರುತ್ತಾನೆ!

ತಡೆದುಕೊಳ್ಳೋದನ್ನು ಕೂಸು ನಮ್ಮನ್ನು ನೋಡಿಯೇ ಕಲಿಯಬೇಕಲ್ಲ. ಮೊದಲು ಸುಲಭದ ಕೆಲಸ: ಊಟಕ್ಕೆ ಕೂತಾಗ ಫೋನು ಬೇರೆ ಕೋಣೆಯಲ್ಲಿರಲಿ. ನಿಮ್ಮ ಫೋನು.

ಎರಡನೆಯದು, ಸಿಟ್ಟನ್ನು ಒಳಗೇ ನುಂಗಬೇಡಿ; ತಡೆದದ್ದು ಮಗುವಿಗೆ ಕಾಣಬೇಕು. ‘ನನಗ ಸಿಟ್ಟು ಬಂದೈತಿ, ನೀರು ಕುಡದು ಬಂದು ಮಾತಾಡ್ತೀನಿ’ ಅಂತ ಹೇಳಿಯೇ ಏಳಿ. ದೊಡ್ಡವರನ್ನು ನೋಡಿ ಮಕ್ಕಳು ಕಾಯುವುದನ್ನು ಕಲಿಯುತ್ತಾರೆಯೇ ಎಂದು ಮನಶ್ಶಾಸ್ತ್ರಜ್ಞರಾದ ಆಲ್ಬರ್ಟ್ ಬಂಡೂರ ಮತ್ತು ವಾಲ್ಟರ್ ಮಿಶೆಲ್ 1965ರಲ್ಲೇ ಪರೀಕ್ಷಿಸಿದ್ದರು. ದೊಡ್ಡವರು ಹೆಚ್ಚಿನದಕ್ಕಾಗಿ ಕಾಯುವುದನ್ನೇ ಆರಿಸಿಕೊಳ್ಳುವುದನ್ನು ಕಂಡ ಆತುರದ ಮಕ್ಕಳು ತಾವೂ ಕಾಯುವತ್ತ ವಾಲಿದರು. ದೊಡ್ಡವರ ಆತುರ ಕಂಡ ತಾಳ್ಮೆಯ ಮಕ್ಕಳು ಆತುರಕ್ಕೆ ಬಿದ್ದರು.

ಇನ್ನು ಎಲ್ಲರೂ ಎಡವುವ ಜಾಗ. ‘ಹೊಳ್ಳಿ ಬರೂಮುಂದ ಕೊಡಸ್ತೀನಿ ನಡಿ’ ಎನ್ನುತ್ತೇವೆ, ಹೊಳ್ಳಿ ಬರುವಾಗ ಬೇರೆ ಓಣಿ ಹಿಡಿಯುತ್ತೇವೆ. ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದವರು 28 ಮಕ್ಕಳಿಗೆ ಮೊದಲು ಚಿತ್ರ ಬಿಡಿಸುವ ಒಳ್ಳೆಯ ಸಾಮಾನು ತರುತ್ತೇವೆಂದರು. ಅರ್ಧ ಮಕ್ಕಳಿಗೆ ತಂದುಕೊಟ್ಟರು, ಉಳಿದರ್ಧಕ್ಕೆ ಬರಿಗೈಯಲ್ಲಿ ಬಂದರು. ಆಮೇಲೆ ಒಂದು ಮಿಠಾಯಿ ಇಟ್ಟು, ಕಾದರೆ ಇನ್ನೊಂದು ಎಂದರು. ಮಾತು ಉಳಿಸಿಕೊಂಡವರ ಮುಂದೆ ಮಕ್ಕಳು ಸರಾಸರಿ 12 ನಿಮಿಷ ಕಾದರು, ಮಾತು ತಪ್ಪಿದವರ ಮುಂದೆ ಮೂರೇ ನಿಮಿಷ. ಕೊಡದವರನ್ನು ಕಾದು ಕೂರುವುದಕ್ಕೆ ಕೂಸೇನು ಹುಚ್ಚೇ?

ಆದ್ದರಿಂದ ಮಾತು ಸಣ್ಣದಿರಲಿ, ಖಚಿತವಿರಲಿ. ‘ಆಮ್ಯಾಲೆ’ ಎಂಬ ಪದವನ್ನೇ ಬಿಡಿ. ‘ದರ್ಶನ ಮುಗದ ಕೂಡ್ಲೆ, ಈ ಅಂಗಡ್ಯಾಗ, ಒಂದ ಫುಗ್ಗಾ’ ಅನ್ನಿ. ಇಪ್ಪತ್ತು ರೂಪಾಯಿ ಕೂಸಿನ ಕಿಸೆಯಲ್ಲೇ ಇಡಿ. ಐದು ವರ್ಷದವನಿಗೆ ಮೊದಲ ಸಲ ಹತ್ತು ನಿಮಿಷದ ಕಾಯುವಿಕೆ ಸಾಕು. ಅಷ್ಟೊತ್ತೂ ಆ ಅಂಗಡಿಯ ಮುಂದೆ ನಿಲ್ಲಿಸಬೇಡಿ, ಕಣ್ಣೆದುರಿದ್ದರೆ ಕಾಯುವುದು ದೊಡ್ಡವರಿಗೂ ಕಷ್ಟ. ಮಿರ್ಚಿ ಬಜಿ ಬಂಡಿಯ ಮುಂದೆ ನೀವು ನಿಂತು ನೋಡಿ, ಗೊತ್ತಾಗುತ್ತದೆ.

ಏಕಾಗ್ರತೆಯ ಸಿರಪ್ಪು, ಪೇಟೆಯ ಸ್ಟಿಕರ್ ಚಾರ್ಟು ಕೊಳ್ಳಬೇಡಿ. ನಾನು ಕೊಂಡ ಚಾರ್ಟಿನ ಸ್ಟಿಕರ್‌ಗಳೆಲ್ಲ ಒಂದೇ ವಾರದಲ್ಲಿ ಫ್ರಿಜ್ಜಿಗೆ ಅಂಟಿದ್ದವು. ‘ಪೊಲೀಸ ಬಂದ’ ಎಂಬ ಪುಕ್ಕಟೆ ಉಪಾಯವೂ ಬೇಡ, ಅದೂ ಸುಳ್ಳು ಮಾತೇ. ಪಕ್ಕದ ಮನೆ ಹುಡುಗನ ಜತೆ ಹೋಲಿಸುವುದನ್ನಂತೂ ಬಿಟ್ಟೇಬಿಡಿ. ತಡೆದುಕೊಳ್ಳುವ ಗುಣದ ಒಂದು ಪಾಲು ಹುಟ್ಟಿನಿಂದಲೇ ಬರುತ್ತದೆಂದು ಅವಳಿ ಮಕ್ಕಳ ಅಧ್ಯಯನಗಳು ತೋರಿಸಿವೆ.

ನಿಮಗೆ ನಿಜವಾದ ಪರೀಕ್ಷೆ ವಾಪಸು ಬರುವಾಗ. ಕಾಲು ಸೋತಿರುತ್ತವೆ, ಬಸ್ಸಿಗೆ ಹೊತ್ತಾಗಿರುತ್ತದೆ, ಕೂಸಿಗೂ ಫುಗ್ಗಾ ಮರೆತಂತಿರುತ್ತದೆ. ನೀವೇ ನೆನಪಿಸಿ, ಅಂಗಡಿಗೆ ಕರೆದೊಯ್ಯಿರಿ. ಅಂಗಡಿ ಮುಚ್ಚಿದ್ದರೆ ‘ತಪ್ಪಾತವಾ, ನಾಳೆ ಮುಂಜಾನೆ’ ಅನ್ನಿ, ಮುಂಜಾನೆ ಚಹಾ ಕುಡಿಯುವ ಮೊದಲೇ ಹೋಗಿ ತನ್ನಿ.