ಹಾಸನದ ಮನೆಗೆ ಸ್ಮಾರ್ಟ್ ಸ್ಪೀಕರ್: ಮೊದಲು ವೈರಿಂಗ್, ಆಮೇಲೆ ಮಾತು

ಸ್ಮಾರ್ಟ್ ಸ್ಪೀಕರ್ ತಂದು, ಪ್ಲಗ್ಗಿಗೆ ಸಿಕ್ಕಿಸಿ, ಫೋನಿನ ಆ್ಯಪ್‌ನಲ್ಲಿ ವೈಫೈ ಪಾಸ್‌ವರ್ಡ್ ಕೊಟ್ಟರೆ ಅದು ಮಾತಾಡಲು ಶುರು ಮಾಡುತ್ತದೆ. ಅದಕ್ಕೆ ಕಾಲು ಗಂಟೆ ಸಾಕು. ಲೈಟು, ಫ್ಯಾನು, ಗೀಸರ್ ಎಲ್ಲ ಅದರ ಮಾತು ಕೇಳಬೇಕು ಅಂದರೆ ಮಾತ್ರ ಕೆಲಸ ಇರುವುದು ಬೇರೆ ಕಡೆ: ರೌಟರ್ ಹತ್ತಿರ, ಯುಪಿಎಸ್ ಹತ್ತಿರ, ಸ್ವಿಚ್ ಬೋರ್ಡಿನ ಒಳಗೆ. ಹಾಸನದಲ್ಲಿರುವ ಅಪ್ಪ ಅಮ್ಮನ ಮನೆಗೆ ಇದನ್ನೆಲ್ಲ ಹೇಗೆ ಜೋಡಿಸಿದೆ ಅಂತ ಬರೆಯುತ್ತಿದ್ದೇನೆ.

ನಾನಿರುವುದು ಬೆಂಗಳೂರಿನಲ್ಲಿ. ಏನಾದರೂ ಕೆಟ್ಟರೆ ತಕ್ಷಣ ಓಡಿಹೋಗಲು ಆಗುವುದಿಲ್ಲ. ಅದಕ್ಕೆ ಒಂದು ಷರತ್ತು ಹಾಕಿಕೊಂಡೇ ಕೆಲಸ ಶುರು ಮಾಡಿದೆ. ಇಂಟರ್ನೆಟ್ ಹೋಗಲಿ, ಸ್ಪೀಕರ್ ಕೆಟ್ಟು ಕೂರಲಿ, ಗೋಡೆ ಮೇಲಿನ ಸ್ವಿಚ್ ಒತ್ತಿದರೆ ಲೈಟ್ ಹತ್ತಲೇಬೇಕು. ಅಪ್ಪ ಮೊದಲ ದಿನವೇ ಕೇಳಿದ್ದರು: "ಕೈಯಲ್ಲಿ ಒತ್ತಿದ್ರೆ ಹತ್ತುತ್ತೆ ತಾನೇ? ಇಲ್ಲಾಂದ್ರೆ ನಂಗೆ ಬೇಡಪ್ಪ."

ಈ ಷರತ್ತಿನಿಂದಾಗಿ ಸ್ಮಾರ್ಟ್ ಬಲ್ಬ್ ಪಟ್ಟಿಯಿಂದ ಹೊರಗೆ ಹೋಯಿತು. ಸ್ಮಾರ್ಟ್ ಬಲ್ಬಿಗೆ ಸ್ವಿಚ್ ಯಾವಾಗಲೂ ಆನ್ ಇರಬೇಕು. ನಮ್ಮ ಮನೆಗಳಲ್ಲಿ ಅದು ನಡೆಯುವ ಮಾತಾ? ರೂಮಿನಿಂದ ಹೊರಗೆ ಬರುವಾಗ ಸ್ವಿಚ್ ಆರಿಸುವುದು ಅಮ್ಮನಿಗೆ ಜೀವಮಾನದ ಅಭ್ಯಾಸ. ಅವರು ಆರಿಸಿದ ಕೂಡಲೇ ಬಲ್ಬ್ ಸತ್ತ ಹಾಗೆ, ಸ್ಪೀಕರ್‌ಗೆ ಎಷ್ಟು ಕೂಗಿದರೂ ಹತ್ತುವುದಿಲ್ಲ. ಬಣ್ಣ ಬಣ್ಣದ ಬೆಳಕು ಬೇಕು ಅನ್ನುವವರು ಟೇಬಲ್ ಲ್ಯಾಂಪಿಗೆ ಒಂದು ಹಾಕಿಕೊಳ್ಳಲಿ. ಮನೆಯ ಮುಖ್ಯ ಲೈಟುಗಳಿಗೆ ಸ್ವಿಚ್ಚಿನ ಹಿಂದೆ ಕೂತು, ವೈಫೈಯಲ್ಲಿ ಬಂದ ಸೂಚನೆಗೆ ಲೈಟ್ ಹಾಕಿ ಆರಿಸುವ ಪುಟ್ಟ ಪೆಟ್ಟಿಗೆ, ಅಂದರೆ ರಿಲೇ ಮಾಡ್ಯೂಲೇ ಸರಿ.

ಮೊದಲು ರೌಟರ್. ಈ ಮಾಡ್ಯೂಲುಗಳು, ಸ್ಮಾರ್ಟ್ ಪ್ಲಗ್ಗುಗಳು (ಸಾಕೆಟ್ಟಿಗೂ ಉಪಕರಣಕ್ಕೂ ನಡುವೆ ಸಿಕ್ಕಿಸುವಂಥವು), ಇವುಗಳಲ್ಲಿ ಹೆಚ್ಚಿನವಕ್ಕೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಗೊತ್ತು. ಈಗಿನ ರೌಟರ್‌ಗಳು 2.4 ಮತ್ತು 5 ಎರಡನ್ನೂ ಒಂದೇ ಹೆಸರಲ್ಲಿ ಕೊಡುತ್ತವೆ. ಫೋನ್ 5ರಲ್ಲಿ ಕೂತಿರುತ್ತದೆ, ಮಾಡ್ಯೂಲ್ 2.4ರಲ್ಲಿ ಹುಡುಕುತ್ತಿರುತ್ತದೆ, ಸೆಟಪ್ ಅರ್ಧಕ್ಕೇ ನಿಂತುಬಿಡುತ್ತದೆ. ರೌಟರ್ ಸೆಟ್ಟಿಂಗ್‌ಗೆ ಹೋಗಿ ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟೆ. ಅದು ಆಗದ ರೌಟರ್ ಆದರೆ, ಗೆಸ್ಟ್ ನೆಟ್‌ವರ್ಕ್ ಅಂತ ಒಂದಿರುತ್ತದೆ ನೋಡಿ, ಅದನ್ನು 2.4ಕ್ಕೆ ಮಾತ್ರ ಇಟ್ಟು ಎಲ್ಲ ಉಪಕರಣಗಳನ್ನು ಅದಕ್ಕೆ ಸೇರಿಸಬಹುದು. ಅಗ್ಗದ ಪ್ಲಗ್ಗುಗಳು ಮನೆಯ ಲ್ಯಾಪ್‌ಟಾಪ್, ಫೋನುಗಳಿಂದ ದೂರ ಇದ್ದಷ್ಟೂ ಒಳ್ಳೆಯದೇ.

ಇನ್ನೊಂದು: ವೈಫೈ ಹೆಸರು, ಪಾಸ್‌ವರ್ಡ್ ಒಮ್ಮೆ ಇಟ್ಟಮೇಲೆ ಬದಲಾಯಿಸಬೇಡಿ. ಇಂಟರ್ನೆಟ್ ಕಂಪನಿ ಬದಲಾಗಿ ಹೊಸ ರೌಟರ್ ಬಂದರೂ ಹಳೆಯ ಹೆಸರು, ಹಳೆಯ ಪಾಸ್‌ವರ್ಡನ್ನೇ ಅದಕ್ಕೆ ಕೊಡಿ. ಆಗ ಎಲ್ಲ ತಾವಾಗಿಯೇ ಸೇರಿಕೊಳ್ಳುತ್ತವೆ. ಇಲ್ಲಾಂದ್ರೆ ಒಂದೊಂದನ್ನೂ ಮತ್ತೆ ರೀಸೆಟ್ ಮಾಡುತ್ತಾ ಕೂರಬೇಕು.

ಮಳೆಗಾಲದಲ್ಲಿ ಹಾಸನದ ಕಡೆ ಕರೆಂಟ್ ಹೋಗುವುದು ಬರುವುದು ಹೊಸದಲ್ಲ. ಮನೆಗೆ ಯುಪಿಎಸ್ ಇದೆ, ಆದರೆ ರೌಟರ್ ಇದ್ದ ಪಾಯಿಂಟ್ ಯುಪಿಎಸ್ ಲೈನಿನಲ್ಲಿ ಇರಲಿಲ್ಲ. ರೌಟರ್‌ಗೆ 12 ವೋಲ್ಟಿನ ಒಂದು ಪುಟ್ಟ ಯುಪಿಎಸ್ ಹಾಕಿದೆ. ರೌಟರ್ ಬಂದಾಗ ಜೊತೆಗೆ ಬಂದ ಅಡಾಪ್ಟರ್ ಎಷ್ಟು ವೋಲ್ಟು, ಎಷ್ಟು ಆಂಪಿಯರ್ ಅಂತ ಅದರ ಮೇಲೆ ಬರೆದಿರುತ್ತದೆ, ನೋಡಿಕೊಂಡೇ ತನ್ನಿ. ಫೈಬರ್ ಕನೆಕ್ಷನ್ ಆದರೆ ಫೈಬರ್ ಕೇಬಲ್ ಬಂದು ಸೇರುವ ಒಎನ್‌ಟಿ ಅನ್ನುವ ಪೆಟ್ಟಿಗೆ ಬೇರೆ ಇರಬಹುದು, ಅದಕ್ಕೂ ಕರೆಂಟ್ ಬೇಕು.

ಈಗ ಬೋರ್ಡ್. ಮನೆ ತೊಂಬತ್ತರ ದಶಕದ್ದು. ಮರದ ಬಾಕ್ಸು, ಮೇಲೆ ಹೈಲಂ ಶೀಟು, ಪಿಯಾನೊ ಸ್ವಿಚ್ಚು. ನೋಡಲು ಹಳತು ನಿಜ, ಆದರೆ ಈ ಕೆಲಸಕ್ಕೆ ಅದೇ ವರ! ಒಳಗೆ ಬೇಕಾದಷ್ಟು ಜಾಗ, ಮರವಾದ್ದರಿಂದ ವೈಫೈ ಸಿಗ್ನಲ್ಲಿಗೂ ಅಡ್ಡಿಯಿಲ್ಲ. ಹೊಸ ಮನೆಗಳ ತಗಡಿನ ಬಾಕ್ಸಿನಲ್ಲಿ ಜಾಗವೂ ಕಡಿಮೆ, ಸಿಗ್ನಲ್ಲೂ ಕಡಿಮೆ. ನಮ್ಮಲ್ಲಿ ಹೊಸದಾಗಿ ಕಟ್ಟಿಸಿದ ಮೇಲಿನ ರೂಮಿನಲ್ಲಿ ಅದೇ ತೊಂದರೆ ಇತ್ತು, ಅಲ್ಲಿ ಒಂದೇ ಸ್ವಿಚ್ಚಿನ ಚಿಕ್ಕ ಮಾಡ್ಯೂಲ್ ಹಾಕಿ ಸುಮ್ಮನಾದೆ.

ವೈರಿಂಗ್ ಕೆಲಸಕ್ಕೆ ಎಲೆಕ್ಟ್ರಿಷಿಯನ್ ಕರೆಸಿದೆ. ನಿಮಗೆ ಟೆಸ್ಟರ್ ಹಿಡಿದು ಅಭ್ಯಾಸ ಇಲ್ಲದಿದ್ದರೆ ನೀವೂ ಕರೆಸಿ. ಅವರು ಮಾಡ್ಯೂಲನ್ನು ತಿರುಗಿಸಿ ನೋಡಿ ಕೇಳಿದರು: "ಇದಕ್ಕೆ ನ್ಯೂಟ್ರಲ್ ಯಾಕ್ ಸಾರ್? ಸ್ವಿಚ್ಚಿಗೆ ಫೇಸ್ ಬಂದ್ರೆ ಸಾಕಲ್ವಾ?" ಫೇಸ್ ಅಂದರೆ ಕರೆಂಟ್ ಬರುವ ವೈರು, ನ್ಯೂಟ್ರಲ್ ಅಂದರೆ ಅದು ವಾಪಸ್ ಹೋಗುವ ವೈರು. ಸಾಮಾನ್ಯ ಸ್ವಿಚ್ಚಿಗೆ ಫೇಸ್ ಒಂದೇ ಸಾಕು. ಈ ಮಾಡ್ಯೂಲ್ ಒಳಗೆ ಒಂದು ವೈಫೈ ಚಿಪ್ ಇದೆ, ಲೈಟ್ ಆರಿದ್ದಾಗಲೂ ಅದು ಎಚ್ಚರ ಇರಬೇಕು. ಅದಕ್ಕೆ ತನ್ನದೇ ಫೇಸು, ತನ್ನದೇ ನ್ಯೂಟ್ರಲ್ ಬೇಕು. ನಮ್ಮ ಕಡೆ ಬಹಳಷ್ಟು ಬೋರ್ಡುಗಳಲ್ಲಿ ಒಂದು ಸಾಕೆಟ್ ಇದ್ದೇ ಇರುತ್ತದೆ. ಸಾಕೆಟ್ ಇದ್ದ ಕಡೆ ನ್ಯೂಟ್ರಲ್ ಇದ್ದ ಹಾಗೆಯೇ, ಅಲ್ಲಿಂದ ಎಳೆದುಕೊಂಡರಾಯಿತು. ವೈರಿನ ಬಣ್ಣ ನೋಡಿ ನಂಬಬೇಡಿ. ಕಪ್ಪು ನ್ಯೂಟ್ರಲ್, ಹಸಿರು ಅರ್ತ್ ಅಂತ ನಿಯಮ ಇದೆ, ಆದರೆ ಹಳೆ ಮನೆಯಲ್ಲಿ ಕೈಗೆ ಸಿಕ್ಕಿದ ವೈರ್ ಎಳೆದಿರುತ್ತಾರೆ. ಅರ್ತನ್ನು ನ್ಯೂಟ್ರಲ್ ಥರ ಬಳಸುವುದು ಮಾತ್ರ ಯಾವತ್ತೂ ಬೇಡ.

ಹಾಲಿನ ಬೋರ್ಡ್ ಬಿಚ್ಚಿದಾಗ ಎರಡು ಫೇಸ್ ವೈರ್ ಕಂಡವು. ಒಂದು ಯುಪಿಎಸ್‌ನಿಂದ ಲೈಟು ಫ್ಯಾನಿಗೆ ಬಂದದ್ದು, ಇನ್ನೊಂದು ನೇರ ಲೈನಿನಿಂದ ದೊಡ್ಡ ಸಾಕೆಟ್ಟಿಗೆ ಬಂದದ್ದು. ಎರಡಕ್ಕೂ ಟೆಸ್ಟರ್ ಹತ್ತುತ್ತದೆ, ಹಾಗಾಗಿ ಟೆಸ್ಟರ್ ಒಂದರಿಂದ ಯಾವುದು ಯಾವುದು ಅಂತ ತಿಳಿಯುವುದಿಲ್ಲ. ಮೇನ್ ಆಫ್ ಮಾಡಿದೆವು. ಆಗಲೂ ಟೆಸ್ಟರ್ ಹತ್ತಿದ್ದು ಯುಪಿಎಸ್ ವೈರು. ಮಾಡ್ಯೂಲಿಗೆ ಅದೇ ಬೇಕು, ಕರೆಂಟ್ ಹೋದಾಗಲೂ ಅದು ಬದುಕಿರಬೇಕಲ್ವಾ. ಎರಡೂ ಫೇಸ್ ಎಲ್ಲೂ ಸೇರಬಾರದು, ಸೇರಿದರೆ ಯುಪಿಎಸ್ ಸುಟ್ಟುಹೋಗಬಹುದು. ಗಮನಿಸಿ: ಮೇನ್ ಆಫ್ ಮಾಡಿದರೂ ಯುಪಿಎಸ್ ಲೈನಿನಲ್ಲಿ 230 ವೋಲ್ಟ್ ಹಾಗೇ ಇರುತ್ತದೆ. ಬೋರ್ಡಿಗೆ ಕೈ ಹಾಕುವ ಮೊದಲು ಯುಪಿಎಸ್ಸನ್ನೂ ಆಫ್ ಮಾಡಬೇಕು.

ಜೋಡಣೆ ಹೀಗೆ. ಎಲ್ ಅಂತ ಬರೆದ ಕಡೆ ಫೇಸ್, ಎನ್ ಕಡೆ ನ್ಯೂಟ್ರಲ್. ಎಸ್1, ಎಸ್2 ಕಡೆ ಹಳೆಯ ಸ್ವಿಚ್ಚಿನ ವೈರು. ಎಲ್1, ಎಲ್2 ಕಡೆ ಲೈಟಿಗೆ ಹೋಗುವ ವೈರು. ಇಷ್ಟಾದ ಮೇಲೆ ಸ್ವಿಚ್ಚು ನೇರವಾಗಿ ಲೈಟಿಗೆ ಕರೆಂಟ್ ಕೊಡುವುದಿಲ್ಲ, ಮಾಡ್ಯೂಲಿಗೆ ಸೂಚನೆ ಕೊಡುತ್ತದೆ. ಅಂದರೆ ಮೇಲೆ ಕೆಳಗೆ ಅನ್ನುವ ಲೆಕ್ಕ ಹೋಯಿತು, ಸ್ವಿಚ್ಚನ್ನು ಯಾವ ಕಡೆ ಒತ್ತಿದರೂ ಹತ್ತಿದ ಲೈಟ್ ಆರುತ್ತದೆ, ಆರಿದ್ದು ಹತ್ತುತ್ತದೆ. ಅಮ್ಮನಿಗೆ ಇದು ಕೆಲವು ದಿನ ಕಿರಿಕಿರಿ ಆಯಿತು. "ಇದು ಆಫೋ ಆನೋ ನೋಡಿದ್ರೆ ಗೊತ್ತೇ ಆಗಲ್ವಲ್ಲೋ" ಅಂತ. ಬಲ್ಬ್ ಬದಲಾಯಿಸುವಾಗ ಎಂಸಿಬಿ (ಮೇನ್ ಬೋರ್ಡಿನ ಟ್ರಿಪ್ ಸ್ವಿಚ್ಚು) ಇಳಿಸಿ, ಯುಪಿಎಸ್ಸನ್ನೂ ಆಫ್ ಮಾಡಿಯೇ ಮುಟ್ಟಿ ಅಂತ ಇಬ್ಬರಿಗೂ ಹೇಳಿದ್ದೇನೆ. ಸ್ವಿಚ್ ನೋಡಿ ನಂಬುವ ಹಾಗಿಲ್ಲ ಇನ್ನು.

ಫ್ಯಾನಿಗೆ ಆನ್ ಆಫ್ ಮಾತ್ರ ಕೊಟ್ಟೆ, ಸ್ಪೀಡು ಹಳೇ ರೆಗ್ಯುಲೇಟರಿನಲ್ಲೇ ಉಳಿಯಿತು. ಹೊಸ ಫ್ಯಾನ್ ಕೊಳ್ಳುವವರಾದರೆ ಬಿಎಲ್‌ಡಿಸಿ ಫ್ಯಾನ್ ಕೊಳ್ಳಿ, ಹಳೆಯದು 75 ವ್ಯಾಟ್ ತಿನ್ನುವ ಕಡೆ ಅದು 30ರ ಆಸುಪಾಸಿನಲ್ಲಿ ಓಡುತ್ತದೆ, ಯುಪಿಎಸ್ ಜಾಸ್ತಿ ಹೊತ್ತು ಬರುತ್ತದೆ. ಅದಕ್ಕೆ ರಿಮೋಟ್ ಬರುವುದರಿಂದ ಐಆರ್ ಬ್ಲಾಸ್ಟರ್ (ರಿಮೋಟಿನ ಸಿಗ್ನಲ್ಲನ್ನು ತಾನೇ ಕಳಿಸುವ ಪುಟ್ಟ ಪೆಟ್ಟಿಗೆ) ಇಟ್ಟು ಸ್ಪೀಡನ್ನೂ ಮಾತಿನಲ್ಲೇ ಬದಲಾಯಿಸಬಹುದು. ಐಆರ್‌ಗೆ ಎದುರಿಗೆ ಅಡ್ಡ ಏನೂ ಇರಬಾರದು. ಫ್ಯಾನ್ ನಿಜವಾಗಿ ತಿರುಗಿತೋ ಇಲ್ಲವೋ ಅಂತ ಅದಕ್ಕೆ ಗೊತ್ತೂ ಆಗುವುದಿಲ್ಲ.

ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಗೀಸರ್. ಮನೆ ಮೇಲೆ ಸೋಲಾರ್ ಇದೆ. ಜೂನ್‌ನಲ್ಲಿ ಮೋಡ ಕಟ್ಟಿದರೆ ಸೋಲಾರ್ ನೀರು ಉಗುರು ಬೆಚ್ಚಗೂ ಇರುವುದಿಲ್ಲ, ಆಗ ಗೀಸರೇ ಗತಿ. ಬೆಳಗ್ಗೆ ಹಾಕಿದ್ದು ಆರಿಸಲು ಮರೆಯುವುದು, ಅದಕ್ಕೆ ಅಪ್ಪ ಅಮ್ಮನಿಗೆ ಮಾತಿಗೆ ಮಾತು ಬೆಳೆಯುವುದು. ನಮ್ಮದು 15 ಲೀಟರಿನ, 2000 ವ್ಯಾಟಿನ ಗೀಸರ್. ನೀರು 25 ಡಿಗ್ರಿಯಿಂದ 60ಕ್ಕೆ ಏರಲು ಸುಮಾರು 0.6 ಯೂನಿಟ್ ಬೇಕು, ಹತ್ತಿರ ಹತ್ತಿರ 20 ನಿಮಿಷ. ಹಾಗಾಗಿ ಗೀಸರ್‌ಗೆ ಹಾಕಿದ ಸ್ಮಾರ್ಟ್ ಪ್ಲಗ್ಗಿಗೆ 30 ನಿಮಿಷದ ಕೌಂಟ್‌ಡೌನ್ ಇಟ್ಟೆ. ಮಾತಾಡಿ ಹಾಕಿದರೂ, ಪ್ಲಗ್ಗಿನ ಬಟನ್ ಒತ್ತಿ ಹಾಕಿದರೂ ಅರ್ಧ ಗಂಟೆಗೆ ತಾನೇ ಆರುತ್ತದೆ. ರೌಟರ್ ಆಫ್ ಮಾಡಿಯೂ ಪರೀಕ್ಷೆ ಮಾಡಿದೆ, ಆಗಲೂ ಆರಿತು. ಪ್ಲಗ್ 16 ಆಂಪಿಯರ್‌ದೇ ಇರಬೇಕು. 2000 ವ್ಯಾಟ್ ಅಂದರೆ 8.7 ಆಂಪಿಯರ್, 3000 ವ್ಯಾಟಿನ ಇನ್‌ಸ್ಟಂಟ್ ಗೀಸರ್ ಆದರೆ 13. ಹತ್ತು ಆಂಪಿಯರಿನ ಪ್ಲಗ್ಗು ಚೀಪಾಗಿ ಸಿಗುತ್ತದೆ ಅಂತ ಹಾಕಿದರೆ ಕರಗಿಹೋದೀತು.

ಆ್ಯಪ್‌ನಲ್ಲಿ ಒಂದು ಸೆಟ್ಟಿಂಗ್ ಮೂಲೆಯಲ್ಲಿ ಅಡಗಿರುತ್ತದೆ: ಕರೆಂಟ್ ಹೋಗಿ ಬಂದಾಗ ಉಪಕರಣ ಯಾವ ಸ್ಥಿತಿಯಲ್ಲಿ ಇರಬೇಕು ಅನ್ನುವುದು. ಗೀಸರ್‌ಗೆ 'ಆಫ್' ಅಂತಲೇ ಇಡಿ. ಕೌಂಟ್‌ಡೌನ್ ಓಡುತ್ತಿರುವಾಗ ಕರೆಂಟ್ ಹೋದರೆ ಆ ಲೆಕ್ಕ ಅಳಿಸಿಹೋಗುತ್ತದೆ, ಕರೆಂಟ್ ಬಂದಾಗ ಗೀಸರ್ ಹತ್ತಿಕೊಂಡರೆ ಕಾಯುವವರು ಯಾರೂ ಇರುವುದಿಲ್ಲ. ಲೈಟುಗಳಿಗೆ 'ಮೊದಲು ಹೇಗಿತ್ತೋ ಹಾಗೆ'. 'ಆನ್' ಅಂತ ಬಿಟ್ಟರೆ, ಯುಪಿಎಸ್ ಬ್ಯಾಟರಿಯೂ ಮುಗಿದು ನಡುರಾತ್ರಿ ಕರೆಂಟ್ ಬಂದಾಗ ಮನೆಯೆಲ್ಲ ಝಗ್ಗನೆ ಬೆಳಗುತ್ತದೆ.

ಇಷ್ಟೆಲ್ಲ ಆದಮೇಲೆ ಸ್ಪೀಕರ್ ಹೊರಗೆ ತೆಗೆದೆ. ನಾನು ಕೊಂಡದ್ದು ಅಮೆಜಾನಿನ ಎಕೋ ಡಾಟ್, ಅದರೊಳಗೆ ಮಾತಾಡುವುದು ಅಲೆಕ್ಸಾ. ಆ ಮನೆಗೆ ಅಂತಲೇ ಒಂದು ಬೇರೆ ಇಮೇಲ್, ಬೇರೆ ಅಕೌಂಟ್ ಮಾಡಿದೆ. ನನ್ನ ಅಕೌಂಟಿಗೇ ಹಾಕಿದ್ದರೆ ಬೆಂಗಳೂರಿನಲ್ಲಿ ನಾನು "ಲೈಟ್ ಆಫ್" ಅಂದಾಗ ಯಾವ ಮನೆಯದು ಆರುತ್ತಿತ್ತೋ! ಅಲೆಕ್ಸಾ ಆ್ಯಪ್‌ನಲ್ಲಿ ಮಾಡ್ಯೂಲ್ ಕಂಪನಿಯ ಸ್ಕಿಲ್ (ಅಲೆಕ್ಸಾದೊಳಗೆ ಸೇರಿಸುವ ಪುಟ್ಟ ಆ್ಯಪ್ ಥರದ್ದು) ಎನೇಬಲ್ ಮಾಡಿ ಅಕೌಂಟ್ ಲಿಂಕ್ ಮಾಡಿದರೆ ಎಲ್ಲ ಉಪಕರಣಗಳೂ ಪಟ್ಟಿಗೆ ಬರುತ್ತವೆ. ಹಾಲ್ ಅಂತ ಒಂದು ಗ್ರೂಪ್ ಮಾಡಿ, ಹಾಲಿನ ಲೈಟುಗಳ ಜೊತೆ ಸ್ಪೀಕರನ್ನೂ ಅದರೊಳಗೆ ಸೇರಿಸಿ. ಆಮೇಲೆ ಬರೀ "ಲೈಟ್ಸ್ ಆಫ್" ಅಂದರೂ ಹಾಲಿನದು ಮಾತ್ರ ಆರುತ್ತದೆ.

ಭಾಷೆಯ ವಿಷಯ. ಅಲೆಕ್ಸಾ 2017ರಲ್ಲಿ ಭಾರತಕ್ಕೆ ಬಂದದ್ದು ಇಂಗ್ಲಿಷಿನಲ್ಲಿ, 2019ರಲ್ಲಿ ಹಿಂದಿ ಕಲಿಯಿತು. ಗೂಗಲ್ ಅಸಿಸ್ಟೆಂಟ್ ಫೋನಿನಲ್ಲಿ ಕನ್ನಡ ಕೇಳುತ್ತದೆ. ನಾನು ತಂದ ಸ್ಪೀಕರಿಗೆ ಕನ್ನಡ ಇಲ್ಲ. ಅಮ್ಮನಿಗೆ ಇಂಗ್ಲಿಷ್ ಮಾತಾಡಿ ಅಭ್ಯಾಸ ಇಲ್ಲ. ಆದರೂ ಹೆಚ್ಚು ಕಷ್ಟ ಆಗಲಿಲ್ಲ. "ಹಾಲ್ ಲೈಟ್ ಆನ್", "ಗೀಸರ್ ಆಫ್" ಅಂತ ಅವರು ಅಪ್ಪನಿಗೆ ದಿನಾ ಹೇಳುತ್ತಿದ್ದ ಮಾತೇ ತಾನೆ, ಅದನ್ನೇ ಇದಕ್ಕೂ ಹೇಳಿದರು. ಹೆಸರಿಡುವಾಗ ಮನೆಯವರ ಬಾಯಿಗೆ ಬರುವುದನ್ನೇ ಇಡಿ, ಎರಡು ಹೆಸರು ಒಂದೇ ಥರ ಕೇಳಿಸದ ಹಾಗೆ ನೋಡಿಕೊಳ್ಳಿ. ದೇವರ ಮನೆಯ ಲೈಟಿಗೆ 'ಪೂಜಾ ಲೈಟ್' ಅಂತ ಇಟ್ಟೆ, ಸರಿಯಾಗಿ ಹಿಡಿಯಿತು. ಆ್ಯಪ್‌ನಲ್ಲಿ ರೊಟೀನ್ ಅಂತ ಇದೆ, ಒಂದು ಮಾತಿಗೆ ಹಲವು ಕೆಲಸ ಒಟ್ಟಿಗೆ ಮಾಡಿಸುವುದು, ಅದರಲ್ಲಿ ನಮ್ಮದೇ ವಾಕ್ಯ ಕೊಡಬಹುದು. ಕನ್ನಡದ ವಾಕ್ಯಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಹಾಕಿ ನೋಡಿದೆ. ಉದ್ದದ್ದು ಒಂದೂ ಗಟ್ಟಿಯಾಗಿ ನಿಲ್ಲಲಿಲ್ಲ. "ಶುಭರಾತ್ರಿ" ನಿಂತಿತು, ಹಿಂದಿಯೂ ಆನ್ ಇದ್ದದ್ದರಿಂದ ಇರಬೇಕು. ಅಮ್ಮ ಮಲಗುವಾಗ ಹಾಗಂದರೆ ಕೆಳಗಿನ ಲೈಟೆಲ್ಲ ಆರುತ್ತವೆ.

ಟಿವಿಯಿಂದ ದೂರ ಇಡಿ, ಇಲ್ಲದಿದ್ದರೆ ಜಾಹೀರಾತಿಗೂ ಎದ್ದು ಉತ್ತರ ಕೊಡುತ್ತದೆ. ಮೈಕ್ ಆಫ್ ಬಟನ್ ಒತ್ತಿದರೆ ಕೆಂಪು ದೀಪ ಹತ್ತುತ್ತದೆ, ಅದನ್ನು ಇಬ್ಬರಿಗೂ ತೋರಿಸಿಕೊಟ್ಟೆ. ಆ್ಯಪ್‌ನ ಪ್ರೈವೆಸಿ ಸೆಟ್ಟಿಂಗ್‌ನಲ್ಲಿ ಧ್ವನಿ ದಾಖಲೆ ಉಳಿಸಬೇಡ ಅಂತ ಆಯ್ಕೆ ಇದೆ, ಅದನ್ನು ಒತ್ತಿದೆ. ಮಾತಾಡಿ ಸಾಮಾನು ಕೊಳ್ಳುವುದನ್ನು ಬಂದ್ ಮಾಡಿದೆ. ರಜೆಗೆ ಬರುವ ಮೊಮ್ಮಕ್ಕಳನ್ನು ನಂಬಲು ಆಗುವುದಿಲ್ಲ.

ರಾತ್ರಿ ಬಾತ್‌ರೂಮಿಗೆ ಹೋಗುವ ದಾರಿಗೆ ಸ್ಮಾರ್ಟ್ ಏನೂ ಹಾಕಲಿಲ್ಲ. ಅಪ್ಪನ ಮಂಡಿ ನೋವಿಗೆ ನಿದ್ದೆಗಣ್ಣಿನಲ್ಲಿ ಅಲೆಕ್ಸಾ ಅಂತ ಕೂಗುವುದು ಯಾಕೆ? ಮನುಷ್ಯ ಹತ್ತಿರ ಬಂದರೆ ಹತ್ತುವ ಮಾಮೂಲಿ ಸೆನ್ಸರ್ ಬಲ್ಬ್ ಸಾಕಾಯಿತು.

ಸಂಪಿನ ಮೋಟರನ್ನೂ ಸೇರಿಸೋಣ ಅಂತ ಎಲೆಕ್ಟ್ರಿಷಿಯನ್ ಅಂದರು. ನಾನು ಒಪ್ಪಲಿಲ್ಲ. ಮೋಟರ್ ಶುರುವಾಗುವ ಕ್ಷಣ ಮಾಮೂಲಿಗಿಂತ ಎಷ್ಟೋ ಪಟ್ಟು ಕರೆಂಟ್ ಎಳೆಯುತ್ತದೆ, ಸಣ್ಣ ರಿಲೇ ಅಂಟಿಕೊಂಡುಬಿಡುತ್ತದೆ. ನಡುವೆ ಕಾಂಟ್ಯಾಕ್ಟರ್ (ಹೆಚ್ಚು ಕರೆಂಟ್ ತಾಳುವ ದೊಡ್ಡ ರಿಲೇ) ಹಾಕಬಹುದು, ಅವರು ಹೇಳಿದ್ದೂ ಅದನ್ನೇ. ಆದರೆ ಸಂಪಿನಲ್ಲಿ ನೀರಿದೆಯಾ ಅಂತ ಸ್ಪೀಕರಿಗೆ ಏನು ಗೊತ್ತು? ಬೆಂಗಳೂರಿನಲ್ಲಿ ಕೂತ ನನಗೆ ಏನು ಗೊತ್ತು? ವೈಫೈ ಇಲ್ಲದ, ಟ್ಯಾಂಕಿಗೂ ಸಂಪಿಗೂ ಸೆನ್ಸರ್ ಇಳಿಬಿಡುವ ವಾಟರ್ ಲೆವೆಲ್ ಕಂಟ್ರೋಲರ್ ಹಾಕಿಸಿದೆ.

ಮುಂದಿನ ಸಲ ಹೋದಾಗ ಗೇಟ್ ಲೈಟಿನ ಬೋರ್ಡ್ ಬಿಚ್ಚಬೇಕು. ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ಹತ್ತಿ, ಬೆಳಗ್ಗೆ ತಾನೇ ಆರಬೇಕು ಅಂತ ಅಮ್ಮನ ಆಸೆ. ಅಲ್ಲಿ ನಿಂತು ಫೋನ್ ಹಿಡಿದು ನೋಡಿದ್ದೇನೆ, ವೈಫೈ ಎರಡು ಕಡ್ಡಿ ಬರುತ್ತದೆ.